ಕುಯ್ಯದೆ ಕಾದ ರಾಗಿ

ಸಾಂಖ್ಯಿಕ ನಿರೀಕ್ಷಕಿ ಎಂದರೆ ಏನು ಕೆಲಸ ಎಂದು ಕೇಳಿದವರಿಗೆ ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಕಡೆಕಡೆಗೆ "ತಾಲ್ಲೂಕು ಆಫೀಸಲ್ಲಿ ಕೆಲಸ" ಎಂದಷ್ಟೇ ಹೇಳಿ ಮಾತು ಬದಲಿಸುವುದು ರೂಢಿಯಾಯಿತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರಿಗೆ ನನ್ನ ಕೆಲಸದ ಬಗ್ಗೆ ಹೇಳುವಷ್ಟು ಹೊತ್ತು ಇರುವುದಿಲ್ಲ. ಇದ್ದರೂ ಅವರು ಕೇಳುವುದು ಒಂದೇ. "ಪಹಣಿ ತೆಗೆಸಿಕೊಡ್ತೀರಾ?"

ಕೆಲಸ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ಈ ವರ್ಷ ದೇಶದಲ್ಲಿ ರಾಗಿ ಎಷ್ಟು ಬೆಳೆಯಿತು ಎಂದು ತಿಳಿಯಲು ಎಲ್ಲರ ಹೊಲದ ರಾಗಿಯನ್ನೂ ಯಾರೂ ಅಳೆಯಲಾರರು. ಅದಕ್ಕೆ ಎರಡು ಲೆಕ್ಕ ಬೇಕು. ಎಷ್ಟು ಜಮೀನಿನಲ್ಲಿ ರಾಗಿ ಹಾಕಿದ್ದಾರೆ ಎನ್ನುವುದು ಒಂದು, ಅದು ಗ್ರಾಮ ಲೆಕ್ಕಿಗರು ಬರೆದ ಪಹಣಿಯಿಂದ ಬರುತ್ತದೆ. ಒಂದು ಹೆಕ್ಟೇರಿಗೆ ಎಷ್ಟು ಇಳುವರಿ ಬಂತು ಎನ್ನುವುದು ಇನ್ನೊಂದು, ಅದಕ್ಕೆ ಬೆಳೆ ಕಟಾವು ಪ್ರಯೋಗ ಮಾಡಬೇಕು. ಚೀಟಿ ಎತ್ತಿದಂತೆ ಕೆಲವು ಊರು, ಆ ಊರುಗಳಲ್ಲಿ ಕೆಲವು ಸರ್ವೆ ನಂಬರು ಆರಿಸಿ ಕಳಿಸುತ್ತಾರೆ. ಆ ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚೌಕ ಗುರುತಿಸಿ, ಅದರೊಳಗಿನ ಬೆಳೆಯನ್ನು ಮಾತ್ರ ಕುಯ್ದು, ಬಡಿದು, ತೂರಿ, ತೂಗಿ ಬರೆಯಬೇಕು. ಆ ತೂಕ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ಡೆಲ್ಲಿಗೆ ಹೋಗುತ್ತದೆ. ಎರಡು ಲೆಕ್ಕವನ್ನೂ ಗುಣಿಸಿದರೆ ದೇಶದ ರಾಗಿ.

ನಾನು ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಪಕ್ಕದ ತಾಲ್ಲೂಕಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ಮನೆಗೆರಡು ಮಗ್ಗ. ನನ್ನ ಯಜಮಾನರೂ ಮಗ್ಗದವರೇ. ಮಗ್ಗದ ಸದ್ದಿನಲ್ಲಿ ಎದ್ದು, ಅಡುಗೆ ಮುಗಿಸಿ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಲಾರಿಗಳ ಧೂಳು. ಏರ್‌ಪೋರ್ಟ್ ಕೆಲಸ ಶುರುವಾಗಿತ್ತು. ಕಲ್ಲು, ಮರಳು, ಕಬ್ಬಿಣ ಹೊತ್ತ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ಹೋಗುತ್ತಿದ್ದವು. ಬಸ್ಸಿನಲ್ಲಿ ಜನ ಮಾತಾಡುವುದೂ ಅದೇ ವಿಷಯ. ಯಾವ ಊರಿನ ಜಮೀನು ಹೋಯಿತು, ಯಾವ ಊರಿನದು ಹೋಗುತ್ತದಂತೆ, ಯಾರ ಹೊಲದಲ್ಲಿ ಸರ್ವೆಯವರು ಬಂದು ಗೂಟ ಹೊಡೆದು ಹೋದರು. ಆ ವರ್ಷಗಳಲ್ಲಿ ಹೊಲದಲ್ಲಿ ಗೂಟ ಕಂಡರೆ ಎಲ್ಲರಿಗೂ ಒಂದೇ ಅರ್ಥ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಒಂದು ಕೆಲಸದ ಬಗ್ಗೆ ಬರೆಯಲು ಕೂತಿದ್ದೇನೆ.

ಆ ಸಾಲಿನ ಮುಂಗಾರು ಪಟ್ಟಿಯಲ್ಲಿ ಕುಂದಾಣದ ಕಡೆಯ ಒಂದು ಹಳ್ಳಿಯ ರಾಗಿ ಹೊಲ ಬಂದಿತ್ತು. ಗ್ರಾಮ ಲೆಕ್ಕಿಗರ ಜೊತೆ ಹೊಲ ನೋಡಲು ಹೋದೆ. ಅವರು ನಿವೃತ್ತಿಗೆ ಹತ್ತಿರವಿದ್ದವರು. ಒಂದು ವೃತ್ತಕ್ಕೆ ನೇಮಕವಾಗಿ ಮೂರು ವೃತ್ತದ ಕೆಲಸ ಹೊತ್ತಿದ್ದರು. ಬದುವಿನ ಮೇಲೆ ನಿಂತು, ಟಿವಿಎಸ್ ಗಾಡಿಯ ಎಂಜಿನ್ ಆರಿಸದೆಯೇ, "ಅಗೋ ಮೇಡಂ, ಆ ಹುಣಸೇಮರದಿಂದ ಕೆಳಗಿರೋ ತಾಕು. ನಂಗೆ ಇವತ್ತು ಇನ್ನೂ ಎರಡು ಊರೈತೆ" ಎಂದು ಕೈತೋರಿಸಿ ಹೋದರು.

ಹೊಲದಲ್ಲಿ ಒಬ್ಬ ಹೆಂಗಸು ಕಳೆ ಕೀಳುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ಹಾಕಿಕೊಂಡಿದ್ದಳು. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಅವಳದು. ಮಧ್ಯಾಹ್ನದವರೆಗೆ ಶಾಲೆಯ ಒಲೆ, ಆಮೇಲೆ ಹೊಲ. ಗಂಡ ಏರ್‌ಪೋರ್ಟ್ ಕೆಲಸದ ಕಡೆ ಸಿಮೆಂಟ್ ಗೋಡೌನಿನಲ್ಲಿ ವಾಚ್‌ಮನ್, ವಾರಕ್ಕೊಂದು ದಿನ ಮನೆಗೆ ಬರುತ್ತಿದ್ದ. "ಹೊಲದ ವಿಷ್ಯ ಅವ್ರಿಗೇನೂ ಗೊತ್ತಿಲ್ಲ ಬುಡಿ, ನನ್ನೇ ಕೇಳಿ" ಎಂದಳು.

ರಾಗಿ ಚೆನ್ನಾಗಿತ್ತು. ತೆನೆ ಬಿಗಿದು ಬಾಗಿತ್ತು. ರಾಗಿ ಸಾಲುಗಳ ಮಧ್ಯೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ, ನಡುನಡುವೆ ಹುಚ್ಚೆಳ್ಳು, ಸಾಸಿವೆ. ಇನ್ನು ಎರಡು, ಹೆಚ್ಚೆಂದರೆ ಮೂರು ವಾರದಲ್ಲಿ ಕುಯ್ಲಿಗೆ ಬರುವಂತಿತ್ತು.

ನಮ್ಮ ಕೈಪಿಡಿಯ ಪ್ರಕಾರ ಚೌಕವನ್ನು ಗುರುತಿಸಬೇಕಾದ್ದು ಕುಯ್ಲಿನ ದಿನ. ಅಂದರೆ ಆ ದಿನ ಬಂದು, ಹೊಲದ ಮೂಲೆಯಿಂದ ಹೆಜ್ಜೆ ಎಣಿಸಿ, ಅಳತೆ ಹಿಡಿದು, ಗೂಟ ಹೊಡೆದು, ಆಮೇಲೆ ಕುಯ್ಯಬೇಕು. ಅರ್ಧ ದಿನದ ಕೆಲಸ. ಆ ವರ್ಷ ನನ್ನ ಪಾಲಿಗೆ ಬಂದ ಹೊಲಗಳು ಹೆಚ್ಚು, ಒಂದೊಂದೂ ಒಂದೊಂದು ದಿಕ್ಕಿಗೆ. ಗುರುತು ಮಾಡುವ ಕೆಲಸವನ್ನಾದರೂ ಇವತ್ತೇ ಮುಗಿಸಿದರೆ ಕುಯ್ಲಿನ ದಿನ ಎರಡು ಹೊಲ ಮುಗಿಸಬಹುದು ಎಂದುಕೊಂಡೆ. ಚೀಲದಲ್ಲಿ ಗೂಟವೂ ಹಗ್ಗವೂ ಇದ್ದವು. ಹೆಜ್ಜೆ ಎಣಿಸಿದೆ, ಟೇಪು ಹಿಡಿದೆ, ನಾಲ್ಕು ಗೂಟ ಹೊಡೆದು ಸುತ್ತ ಬಿಳಿ ನೈಲಾನ್ ಹಗ್ಗ ಕಟ್ಟಿದೆ.

ಅವಳು ಕಳೆ ಬಿಟ್ಟು ಬಂದು ನಿಂತಳು.

"ಏನಕ್ಕೆ ಮೇಡಮ್ನೋರೆ ಹಗ್ಗ?"

"ಇದೊಂದು ಪ್ರಯೋಗ ಅಕ್ಕಾ. ಈ ಚೌಕದಲ್ಲಿರೋ ರಾಗಿ ನಾವೇ ಕುಯ್ದು ತೂಕ ನೋಡ್ತೀವಿ. ನೋಡಿದ ಮೇಲೆ ರಾಗಿ ನಿಮ್ಗೇ ಕೊಡ್ತೀವಿ."

"ತೂಕ ನೋಡಿ ಏನ್ ಮಾಡ್ತೀರ?"

"ಬರ್ಕೊಂಡು ಮೇಲಕ್ಕೆ ಕಳಿಸ್ತೀವಿ. ಜಿಲ್ಲೆಗೆ, ಬೆಂಗ್ಳೂರಿಗೆ, ಆಮೇಲೆ ಡೆಲ್ಲಿಗೆ."

"ಡೆಲ್ಲಿಯೋರು ರಾಗಿ ತಿಂತಾರಾ?"

"ಇಲ್ಲ ಅಕ್ಕಾ. ಲೆಕ್ಕಕ್ಕೆ."

"ಅವರೆಕಾಯಿ ಬರ್ಕೊಳಲ್ವಾ?"

"ಈ ಫಾರಂನಲ್ಲಿ ರಾಗಿ ಮಾತ್ರ."

"ಅವರೇನೇ ಕಣವ್ವ ಈ ಸಲ ಚೆನ್ನಾಗಿ ಬಂದಿರೋದು" ಎಂದು ಅವಳು ಸಾಲಿನ ಕಡೆ ನೋಡಿದಳು.

ಹೊರಡುವಾಗ ನಾನು, "ಕುಯ್ಲಿಗೆ ಬಂದಾಗ ಈ ನಂಬರಿಗೊಂದು ಫೋನ್ ಮಾಡ್ಸಿ ಅಕ್ಕಾ. ನಾನು ಬರೋವರ್ಗೂ ಕುಯ್ಬೇಡಿ" ಎಂದು ಚೀಟಿಯಲ್ಲಿ ಕಚೇರಿಯ ನಂಬರು ಬರೆದುಕೊಟ್ಟೆ. ನಾನು ಹೇಳಿದ್ದು ಚೌಕದ ವಿಷಯ. ಹಾಗೆಂದು ಬಿಡಿಸಿ ಹೇಳಲಿಲ್ಲ. ಮೂರೂವರೆಯ ಬಸ್ಸು ಹಿಡಿಯುವ ಅವಸರ.

ಮಾರನೇ ವಾರ ನನ್ನನ್ನು ಮರ ಎಣಿಸುವ ಕೆಲಸಕ್ಕೆ ಹಾಕಿದರು. ರಸ್ತೆ ಅಗಲ ಮಾಡಲು ಜಮೀನು ಬಿಡಿಸಿಕೊಳ್ಳುತ್ತಿದ್ದರು. ಆ ಜಮೀನಿನಲ್ಲಿ ಯಾವ ಮರ ಎಷ್ಟಿದೆ, ಸುತ್ತಳತೆ ಎಷ್ಟು, ಫಲ ಕೊಡುತ್ತದೆಯೇ ಎಂದು ಪಟ್ಟಿ ಮಾಡಬೇಕಿತ್ತು. ಕಂದಾಯದವರು ಸಾಲದೆ ಲೆಕ್ಕ ಗೊತ್ತಿರುವವರೆಂದು ನನ್ನನ್ನೂ ಸೇರಿಸಿದರು. "ಒಂದು ವಾರದ ಕೆಲಸ" ಎಂದಿದ್ದರು. ಹುಣಸೆ, ಹೊಂಗೆ, ಮಾವು, ನೇರಳೆ ಎಂದು ಒಂದೊಂದಕ್ಕೂ ಟೇಪು ಸುತ್ತಿ, ತೊಗಟೆ ಕೆತ್ತಿ ನಂಬರು ಬರೆಯುತ್ತ ಹೋದೆವು. ವಾರ ಎರಡಾಯಿತು, ಮೂರಾಯಿತು. ನನ್ನ ರಾಗಿ ಹೊಲಗಳಿವೆ ಎಂದು ಒಂದು ದಿನ ಮೇಲಿನವರಿಗೆ ನೆನಪಿಸಿದೆ. "ಅದು ವರ್ಷಾ ಇರೋದೇ ಅಲ್ವೇನಮ್ಮ, ಇದು ಅರ್ಜೆಂಟು" ಎಂದರು. ಅವರ ಮೇಲೂ ಯಾರೋ ಒತ್ತಡ ಹಾಕುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ಸುಸ್ತಾಗಿತ್ತು ನಿಜ, ಆದರೆ ಇನ್ನೊಂದು ಸಲ ಕೇಳಲಾರದಷ್ಟು ಆಗಿರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಮದ್ರಾಸಿನ ಕಡೆ ಸೈಕ್ಲೋನ್ ಎಂದರು. ನಾಲ್ಕು ದಿನ ಬಿಡದೆ ಜಿನುಗಿತು. ಮರ ಎಣಿಸುವ ಕೆಲಸವೂ ನಿಂತು ಎಲ್ಲರೂ ಕಚೇರಿಯಲ್ಲಿ ಕೂತೆವು. ನಾನು ಕಿಟಕಿಯ ಪಕ್ಕ ಕೂತು ಮರದ ಪಟ್ಟಿಯನ್ನು ನಕಲು ಮಾಡುತ್ತಿದ್ದೆ. ರಾಗಿಯನ್ನು ಎಲ್ಲರೂ ಕುಯ್ದು ಮೆದೆ ಹಾಕಿರುತ್ತಾರೆ, ನನ್ನ ಚೌಕಗಳು ಮಾತ್ರ ಉಳಿದಿರುತ್ತವೆ, ಅವು ಹಾಳಾದರೆ ಫಾರಂನಲ್ಲಿ ಏನು ಬರೆಯುವುದು ಎಂದು ಯೋಚಿಸುತ್ತಿದ್ದೆ. ಆಗ ನನ್ನ ಚಿಂತೆ ಅಷ್ಟೇ ಇತ್ತು.

ಮಳೆ ನಿಂತ ಎರಡನೇ ದಿನ ಆ ಊರಿಗೆ ಹೋದೆ. ದಾರಿಯ ಹೊಲಗಳೆಲ್ಲ ಕುಯ್ದು ಖಾಲಿಯಾಗಿದ್ದವು. ಕಣಗಳಲ್ಲಿ ಮೆದೆಗಳ ಮೇಲೆ ನೀಲಿ ಟಾರ್ಪಾಲು ಹೊದೆಸಿದ್ದರು. ಹುಣಸೇಮರದ ಬಳಿ ಬಂದಾಗ ನಾನು ತಪ್ಪು ಹೊಲಕ್ಕೆ ಬಂದೆನೇನೋ ಎನಿಸಿತು. ಇಡೀ ತಾಕು ಹಾಗೇ ಇತ್ತು, ಒಂದು ಕಡ್ಡಿಯನ್ನೂ ಕುಯ್ದಿರಲಿಲ್ಲ. ಪೈರೆಲ್ಲ ಮಲಗಿ, ತೆನೆ ಕೆಸರಿಗೆ ತಾಗಿ ಕಪ್ಪಾಗಿತ್ತು. ಬಗ್ಗಿ ಒಂದು ತೆನೆ ಎತ್ತಿ ನೋಡಿದೆ. ಕಾಳು ತೆನೆಯಲ್ಲೇ ಮೊಳಕೆ ಒಡೆದು ಸಣ್ಣ ಬಿಳಿ ಬೇರು ಬಿಟ್ಟಿದ್ದವು. ನಡುವೆ ನನ್ನ ನಾಲ್ಕು ಗೂಟ ನೆಟ್ಟಗೆ ನಿಂತಿದ್ದವು.

ಶಾಲೆಗೆ ಹೇಳಿ ಕಳಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಬಂದ್ರಾ" ಎಂದಳು. ಅಷ್ಟೇ.

"ಅಕ್ಕಾ, ಮಿಕ್ಕಿದ್ ಹೊಲ ಯಾಕೆ ಕುಯ್ಲಿಲ್ಲ?"

"ನೀವೇ ಅಲ್ವಾ ನಾನು ಬರೋಗಂಟ ಕುಯ್ಬೇಡಿ ಅಂದಿದ್ದು?"

"ನಾನು ಹೇಳಿದ್ದು ಈ ಚೌಕ ಅಕ್ಕಾ. ಈ ಹಗ್ಗದ ಒಳಗಿಂದು ಮಾತ್ರ."

ಅವಳು ಹಗ್ಗ ನೋಡಿದಳು, ನನ್ನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. ನಡೆದದ್ದನ್ನು ನಿಧಾನವಾಗಿ ಹೇಳಿದಳು.

"ನಂಗೂ ಒಂದಿನ ಹಂಗೇ ಅನ್ನುಸ್ತು. ಸುತ್ತ ಇರೋದ್ನ ಕುಯ್ಕಳನ ಅಂತ ಆಳು ಕರೆಯಕ್ಕೆ ಹೋದೆ. ಯಾರೂ ಬರ್ಲಿಲ್ಲ. ಗೂಟ ಹೊಡೆದವ್ರೆ, ಆ ಹೊಲ ಸರ್ಕಾರಕ್ಕೋಯ್ತು, ಕಾಲಿಟ್ರೆ ಕೇಸು ಹಾಕ್ತಾರೆ ಅಂದ್ರು. ಇಲ್ಲ ಕಣ್ರೋ, ತೂಕ ನೋಡಕ್ಕಂತೆ ಅಂದೆ. ಯಾರು ನಂಬ್ತಾರೆ? ನಮ್ಮೆಜಮಾನ್ರೂ ಬಂದು ನೋಡ್ಬುಟ್ಟು, ಏರ್‌ಪೋರ್ಟ್ ತಾವ ಹಿಂಗೇ ಮೊದ್ಲು ಹಗ್ಗ ಕಟ್ಟಿದ್ದು, ಮುಟ್ಬೇಡ ಅಂದ್ರು. ಆಮೇಲೆ ನಂಗೂ ಭಯ ಆಗೋಯ್ತು."

"ಫೋನ್ ಮಾಡ್ಸಿದ್ರೆ..."

"ಎರಡ್ ಸಲ ಮಾಡ್ಸ್ದೆ. ಅಂಗಡಿಯೋರು ಮಾಡ್ಕೊಟ್ರು. ಮೇಡಂ ಮರ ಎಣ್ಸಕ್ಕೆ ಹೋಗವ್ರೆ ಅಂದ್ರು. ಎಣ್ಸಿ ಬರ್ಲಿ ಅಂತ ಸುಮ್ನಾದೆ."

ಫೋನ್ ಬಂದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಹೋಗುತ್ತಿದ್ದೆನೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೋಗುತ್ತಿದ್ದೆ ಎಂದು ಖಾತ್ರಿಯಾಗಿ ಹೇಳಲಾರೆ. ನಾಳೆ ಹೋದರಾಯಿತು ಎನ್ನುತ್ತಿದ್ದೆನೇನೋ.

ಆ ದಿನ ನನಗೆ ಅಲ್ಲಿಂದ ಎದ್ದು ಹೋಗಿಬಿಡಬೇಕು ಎನಿಸಿತು. ಆದರೆ ಅವಳೇ ಮನೆಗೆ ಹೋಗಿ ಎರಡು ಕುಡುಗೋಲು ತಂದಳು. ಒಂದು ನನಗೆ ಕೊಟ್ಟಳು. ಇಬ್ಬರೂ ಹಗ್ಗದೊಳಗೆ ಬಗ್ಗಿ ಕುಯ್ದೆವು. ಒದ್ದೆ ಹುಲ್ಲು ಕುಡುಗೋಲಿಗೆ ಜಾರುತ್ತಿತ್ತು. ನನಗೆ ಅಭ್ಯಾಸವಿಲ್ಲ, ಸಾಮಾನ್ಯವಾಗಿ ಆಳು ಕುಯ್ಯುತ್ತಾರೆ, ನಾನು ನಿಂತು ನೋಡಿ ಬರೆಯುತ್ತೇನೆ. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವಳು ಮೂರು ಸಾಲು ಮುಗಿಸಿದ್ದಳು. ಶಾಲೆಯ ಜಗುಲಿಯ ಮೇಲೆ ಬಟ್ಟೆ ಹಾಸಿ ತೆನೆ ಒಣಗಿಸಿ, ಎರಡು ದಿನ ಬಿಟ್ಟು ಮತ್ತೆ ಹೋಗಿ ಬಡಿದು, ತೂರಿ, ತೂಗಿದೆವು. ಒಳ್ಳೆ ಬೆಳೆಯಾಗಿದ್ದರೆ ಅಷ್ಟು ಜಾಗದಲ್ಲಿ ಐದಾರು ಕೆಜಿಯಾದರೂ ಬರಬೇಕಿತ್ತು. ತಕ್ಕಡಿಯಲ್ಲಿ ಎರಡು ಕೆಜಿಯೂ ತುಂಬಲಿಲ್ಲ, ಅದರಲ್ಲಿ ಅರ್ಧ ಕಪ್ಪು ಕಾಳು.

ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ.

"ಬರ್ಕೊಳಿ" ಎಂದಳು. "ಬಂದಿರೋದು ಅದೇ ತಾನೆ."

ಬರೆದೆ. ಅವಳು ಆ ಕಾಳನ್ನು ಚೀಲಕ್ಕೆ ಸುರಿದುಕೊಂಡು, "ಕೋಳಿಗಾಯ್ತದೆ" ಎಂದು ಒಳಗಿಟ್ಟಳು. ಮಿಕ್ಕ ಹೊಲವನ್ನು ದನಕ್ಕೆ ಹುಲ್ಲಾದರೂ ಆಗಲಿ ಎಂದು ಅವಳೂ ಗಂಡನೂ ಒಂದು ಭಾನುವಾರ ಕುಯ್ದರಂತೆ. ಅವರೆ ಮಾತ್ರ ಮಳೆ ತಡೆದುಕೊಂಡು ನಿಂತಿತ್ತು.

ಫಾರಂ ತೆಗೆದುಕೊಂಡು ಜಿಲ್ಲೆಯಲ್ಲಿದ್ದ ನನ್ನ ಮೇಲಧಿಕಾರಿಯ ಬಳಿಗೆ ಹೋದೆ. ಒಳ್ಳೆಯ ಮನುಷ್ಯ. ಎದುರಿನ ಕುರ್ಚಿ ತೋರಿಸಿ, ಕಾಫಿ ತರಿಸಿ, ಕನ್ನಡಕ ಹಾಕಿಕೊಂಡು ಓದಿದರು.

"ಈ ಸಂಖ್ಯೆ ಉಳಿದವುಗಳ ಜೊತೆ ಕೂರಲ್ವಲ್ಲಮ್ಮ. ಆ ಹೋಬಳಿಯಲ್ಲಿ ಮಳೆಗೆ ಮುಂಚೆನೇ ಎಲ್ಲರೂ ಕುಯ್ದಿದಾರೆ. ಇದೊಂದೇ ಹಿಂಗಿದೆ."

ನಡೆದದ್ದೆಲ್ಲ ಹೇಳಿದೆ. ಮುಂಚೆಯೇ ಗೂಟ ಹೊಡೆದದ್ದನ್ನೂ ಮುಚ್ಚಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರಯೋಗ ರದ್ದು ಅಂತ ಬರೀರಿ. ಹೊಲ ಸಿಗಲಿಲ್ಲ ಅಂತ ಕಾರಣ ಹಾಕಿ. ನಿಮಗೂ ತೊಂದರೆ ಇಲ್ಲ, ಲೆಕ್ಕಕ್ಕೂ ತೊಂದರೆ ಇಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹೋಬಳಿಯ ರಾಗಿ ಎಷ್ಟು ಎಂದು ಕೇಳಿದವರಿಗೆ ನನ್ನ ತೂಕ ಸುಳ್ಳು ಉತ್ತರವೇ. ಆ ನಷ್ಟ ಮಳೆಯಿಂದ ಆದದ್ದಲ್ಲ, ಅಳೆಯಲು ಹೋದ ನನ್ನಿಂದ ಆದದ್ದು. ಅದನ್ನು ಸೇರಿಸಿದರೆ ಎಲ್ಲರ ಸರಾಸರಿಯೂ ಕೆಳಗಿಳಿಯುತ್ತದೆ. ಬಿಟ್ಟರೆ ಅವಳ ಹೊಲದಲ್ಲಿ ಏನೂ ನಡೆಯಲೇ ಇಲ್ಲ ಎಂದಾಗುತ್ತದೆ. ಎರಡು ದಿನ ಫಾರಂ ಚೀಲದಲ್ಲೇ ಇಟ್ಟುಕೊಂಡು ದೊಡ್ಡಬಳ್ಳಾಪುರಕ್ಕೂ ಕಚೇರಿಗೂ ಓಡಾಡಿದೆ. ಯಜಮಾನರಿಗೆ ಹೇಳಿದಾಗ ಅವರು ಮಗ್ಗ ನಿಲ್ಲಿಸದೆಯೇ, "ಇದ್ದಿದ್ದು ಇದ್ದ ಹಾಗೆ ಬರಿ, ತಲೆ ಕೆಡಿಸ್ಕೋಬೇಡ" ಎಂದರು. ಮೂರನೇ ದಿನ ತೂಗಿದ ಅಂಕಿಯನ್ನೇ ಉಳಿಸಿ, ಷರಾ ಎಂಬ ಕಾಲಂನಲ್ಲಿ ಇಡೀ ಸಂಗತಿಯನ್ನು ಸಣ್ಣ ಅಕ್ಷರದಲ್ಲಿ ಬರೆದೆ. ಚೌಕವನ್ನು ನಿಯಮ ಮೀರಿ ಮೊದಲೇ ಗುರುತಿಸಿದ ಕಾರಣ ರೈತರು ಕುಯ್ಲು ಮಾಡದೆ ಉಳಿದು ಬೆಳೆ ಹಾಳಾಗಿದೆ, ಹೊಣೆ ನನ್ನದು ಎಂದು. ಅಧಿಕಾರಿ ಓದಿ, ತಲೆ ಅಲ್ಲಾಡಿಸಿ, ರುಜು ಹಾಕಿದರು.

ಯಾವ ನೋಟೀಸೂ ಬರಲಿಲ್ಲ. ಬೇಸಿಗೆಯಲ್ಲಿ ಕಂಪ್ಯೂಟರಿನಿಂದ ತೆಗೆದ ಪಟ್ಟಿ ಬಂದಾಗ ನೋಡಿದೆ. ಅಂಕಿ ಇತ್ತು. ಷರಾವನ್ನು ಯಾರೂ ಕಂಪ್ಯೂಟರಿಗೆ ಹಾಕಿರಲಿಲ್ಲ. ಅದಕ್ಕೆ ಅಲ್ಲಿ ಜಾಗವೇ ಇರಲಿಲ್ಲವಂತೆ.

ಅದೇ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಮೂರು ದಿನದ ತರಬೇತಿ. ಡೆಲ್ಲಿಯಿಂದ ಬಂದ ಒಬ್ಬ ದೊಡ್ಡ ಅಧಿಕಾರಿ ಪರದೆಯ ಮೇಲೆ ಚಿತ್ರ ತೋರಿಸುತ್ತ, ಹಳ್ಳಿಗಳೇ ಹೆಚ್ಚಿರುವ ನಮ್ಮಂಥ ದೇಶದಲ್ಲಿ ಕೃಷಿ ಅಂಕಿಅಂಶದ ಹೊಸ ವ್ಯವಸ್ಥೆ ಹೇಗೆ ಬರಲಿದೆ ಎಂದು ಹೇಳಿದರು. ಉಪಗ್ರಹದಿಂದ ಬೆಳೆ ಗೊತ್ತಾಗುತ್ತದೆ, ಫಾರಂ ಇರುವುದಿಲ್ಲ, ಎಲ್ಲವೂ ಬೇಗ. ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ. ಅಳೆಯಲು ಹೋದವರಿಂದಲೇ ಬೆಳೆ ಹಾಳಾದರೆ ಅದನ್ನು ಎಲ್ಲಿ ಬರೆಯಬೇಕು ಎಂದು ಕೇಳಿದೆ. ಅವರು ಗಂಭೀರವಾಗಿಯೇ ಕೇಳಿಸಿಕೊಂಡು, ಅದನ್ನು ನಾನ್ ಸ್ಯಾಂಪ್ಲಿಂಗ್ ಎರರ್, ಅಂದರೆ ಹೊಲ ಆರಿಸುವುದರಲ್ಲಲ್ಲದೆ ಅಳೆಯುವುದರಲ್ಲಿ ಆಗುವ ತಪ್ಪು ಎನ್ನುತ್ತಾರೆ, ಅದರ ಬಗ್ಗೆ ನಾಳೆ ಒಂದು ಪಾಠವಿದೆ ಎಂದರು. ಮಾರನೇ ದಿನ ಹೊತ್ತು ಸಾಲದೆ ಆ ಪಾಠ ನಡೆಯಲಿಲ್ಲ. ಊಟದ ಮನೆಯಲ್ಲಿ ಬೇರೆ ಜಿಲ್ಲೆಯ ಒಬ್ಬಾಕೆ ನನ್ನ ಪಕ್ಕ ಕೂತು, "ನಮ್ಮಲ್ಲೂ ಒಂದ್ಸಲ ಹಿಂಗೇ ಆಗಿತ್ತು, ಯಾರಿಗೂ ಹೇಳ್ಲಿಲ್ಲ" ಎಂದು ಮೆಲ್ಲಗೆ ಹೇಳಿ ಮಜ್ಜಿಗೆ ಕುಡಿದು ಎದ್ದಳು.

ಮುಂದಿನ ವರ್ಷ ಚಳಿಗಾಲದಲ್ಲಿ ಆ ಹೆಂಗಸು ಒಂದು ಬೆಳಿಗ್ಗೆ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪಹಣಿ.

"ಮೇಡಮ್ನೋರೆ, ಇದ್ರಲ್ಲಿ ಏನೈತೆ ಸ್ವಲ್ಪ ಓದಿ. ಅಂಗಡಿಯೋರು ಓದಿ ಬೀಳು ಅಂತ ಐತೆ ಅಂತಾರೆ."

ಓದಿದೆ. ಅವಳ ಮಾವನ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಸರಿಯಿತ್ತು. ಬೆಳೆಯ ಕಾಲಂನಲ್ಲಿ ಎರಡು ವರ್ಷದ್ದೂ ಬೀಳು ಎಂದಿತ್ತು. ರಾಗಿ ಹಾಳಾದ ವರ್ಷವೂ, ಈ ವರ್ಷವೂ. ಗ್ರಾಮ ಲೆಕ್ಕಿಗರ ಕೈಬರಹದ ಪಟ್ಟಿಯಲ್ಲಿ ಅದು ರಾಗಿ ಹೊಲ. ಆ ಪಟ್ಟಿಯಿಂದಲೇ ನನಗೆ ಆ ನಂಬರು ಬಂದಿದ್ದು. ಕಂಪ್ಯೂಟರಿನಲ್ಲಿ ಮಾತ್ರ ಬೀಳು. ಬೀಳು ಎಂದರೆ ಅಲ್ಲಿ ಯಾರೂ ಏನೂ ಬೆಳೆದೇ ಇಲ್ಲ.

"ಈ ಸಲಾನೂ ರಾಗಿ ಹಾಕಿದ್ರಾ ಅಕ್ಕಾ?"

"ಹಾಕ್ದೆ. ಮೆದೆ ಹಾಕ್ಬುಟ್ಟೇ ಬಂದಿದೀನಿ. ಬೀಳು ಅಂತ ಇದ್ರೆ ಮೊದ್ಲು ಅಂಥ ಜಮೀನೇ ತಗೋತಾರಂತೆ. ಬೆಳೆ ಬರ್ಸ್ಕೊಡಿ."

ಆ ಮಾತು ಆಗ ಎಲ್ಲ ಊರಲ್ಲೂ ಹಬ್ಬಿತ್ತು. ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ. ಆ ದಿನ ನಾನು ರಜೆ ಬರೆದುಕೊಟ್ಟು ಅವಳ ಜೊತೆ ನಿಂತೆ. ನನ್ನದೇ ಕಚೇರಿಯಲ್ಲಿ ಜನರ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ಮೊದಲ ಕಿಟಕಿಯವರು ಎರಡನೆಯ ಕಿಟಕಿಗೆ ಕಳಿಸಿದರು. ಅಲ್ಲಿಯವರು ಅರ್ಜಿ ಬರೆಸಿಕೊಂಡು ಬನ್ನಿ ಎಂದರು. ಅರ್ಜಿ ನಾನೇ ಬರೆದೆ. ಬೆಳೆ ಇತ್ತು ಎನ್ನಲು ದಾಖಲೆ ಏನಿದೆ ಎಂದು ಕೇಳಿದರು. ಕಪಾಟಿನಿಂದ ಆ ಕಟಾವು ಪ್ರಯೋಗದ ಫಾರಂ ತೆಗೆದು ನಕಲು ಮಾಡಿಸಿ ಲಗತ್ತಿಸಿದೆ. ಕಿಟಕಿಯವರು ಅದನ್ನು ತಿರುಗಿಸಿ ನೋಡಿ, "ಇದು ಯಾವ ಕಾಗದ ಮೇಡಂ, ನಮ್ಮಲ್ಲಿ ಇದು ನಡಿಯಲ್ಲ" ಎಂದರು. ನಾನು ಅದೇ ಕಟ್ಟಡದಲ್ಲಿ ಎಂಟು ವರ್ಷದಿಂದ ಅಂಥ ಕಾಗದಗಳನ್ನು ಬರೆಯುತ್ತಿದ್ದೆ.

ಮಧ್ಯಾಹ್ನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಮುದ್ದೆ ಊಟ ಮಾಡಿದೆವು. ಅವಳು ಮುದ್ದೆ ಮುರಿದು ನೋಡಿ, ಹಿಟ್ಟು ಹಳೇದು ಎಂದಳು. ಹೋದ ವರ್ಷದ ಮಾತು ನಾನೇ ತೆಗೆದೆ. "ನನ್ನಿಂದ ನಿಮ್ಗೆ ಒಂದು ವರ್ಷದ ರಾಗಿ ಹೋಯ್ತು ಅಕ್ಕಾ" ಎಂದೆ. ಹಾಗೆ ಬಾಯಿ ಬಿಟ್ಟು ಹೇಳಿದ್ದು ಆಗಲೇ.

ಅವಳು ಸಾರಿನಲ್ಲಿ ಮುದ್ದೆ ಹೊರಳಿಸುತ್ತಿದ್ದಳು. "ಹೋಯ್ತು. ಆ ವರ್ಷ ಕೊಂಡ್ಕಂಡು ತಿಂದ್ವಿ. ನಮ್ಮೆಜಮಾನ್ರು ನಿಮ್ನ ಬೈಯ್ತಿದ್ರು. ನಾನೂ ಬೈದಿದೀನಿ, ಸುಳ್ಳು ಯಾಕೆ ಹೇಳ್ಲಿ." ನುಂಗಿ, ನೀರು ಕುಡಿದಳು. "ಇವತ್ತು ನಿಂತ್ಕೊಂಡ್ರಲ್ಲ, ಅದು ಆಯ್ತು. ಅದ್ಕೂ ಇದ್ಕೂ ಸೇರ್ಸಬೇಡಿ."

ಅವಳು ನನ್ನನ್ನು ಕ್ಷಮಿಸಿದಳೆಂದು ನಾನು ಅಂದುಕೊಳ್ಳಲಿಲ್ಲ. ಹಾಗೆ ಅಂದುಕೊಳ್ಳಲು ಅವಳು ಬಿಡಲೂ ಇಲ್ಲ.

ಇನ್ನೂ ಎರಡು ಸಲ ಅವಳು ಬಂದಳು. ಹೊಸ ಗ್ರಾಮ ಲೆಕ್ಕಿಗರು ಬಂದಿದ್ದರು. ಅವರನ್ನು ಸ್ಥಳಕ್ಕೆ ಹೋಗಿ ನೋಡಿ ಬರುವಂತೆ ಒಪ್ಪಿಸಿದೆ. ಕೊನೆಗೆ ಈ ವರ್ಷದ ಸಾಲಿನಲ್ಲಿ ಬೀಳು ಹೋಗಿ ರಾಗಿ ಎಂದು ಬಂತು. ಹಿಂದಿನ ವರ್ಷದ್ದನ್ನು ತಿದ್ದಲು ಆಗುವುದಿಲ್ಲ, ಅದು ಮುಗಿದ ಸಾಲು ಎಂದರು. ಹೀಗೆ ನಾನು ಕುಯ್ದು, ತೂಗಿ, ಎರಡು ದಿನ ನಿದ್ದೆಗೆಟ್ಟು ಬರೆದ ಆ ರಾಗಿ ಇಳುವರಿಯ ಲೆಕ್ಕದಲ್ಲಿ ಇದೆ, ಜಮೀನಿನ ಲೆಕ್ಕದಲ್ಲಿ ಇಲ್ಲ. ಒಂದು ಹೊಲದ್ದು ಹೀಗಾದರೆ ಉಳಿದ ಹೊಲಗಳದ್ದು ಹೇಗೋ ಎಂದು ಯೋಚಿಸುವ ಉತ್ಸಾಹವೂ ನನ್ನಲ್ಲಿ ಉಳಿದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಫಾರಂಗಳನ್ನು ತುಂಬಿದೆ. ಗೂಟವನ್ನು ಕುಯ್ಲಿನ ದಿನವೇ ಹೊಡೆದೆ, ಸಂಜೆಯೊಳಗೆ ಕಿತ್ತುಕೊಂಡು ಬಂದೆ. ಅಷ್ಟು ಮಾತ್ರ ತಪ್ಪದೆ ಪಾಲಿಸಿದೆ.

ವಿಮಾನಗಳು ಹಾರಲು ಶುರುವಾದ ಮೇಲೆ ನನಗೆ ವರ್ಗವಾಯಿತು. ಜಿಲ್ಲೆಯ ಕಚೇರಿಯಲ್ಲಿ ಮೇಜಿನ ಕೆಲಸ. ಅಲ್ಲಿ ಕೂತಿದ್ದಾಗ ಕುಂದಾಣದ ಕಡೆಯ ಕೆಲವು ಸರ್ವೆ ನಂಬರುಗಳನ್ನು ಯಾವುದೋ ಕೈಗಾರಿಕೆಗೆಂದು ಬಿಡಿಸಿಕೊಳ್ಳುವ ಪಟ್ಟಿ ಕೈಗೆ ಬಂತು. ನನಗೆ ಸಂಬಂಧವಿಲ್ಲದ ಪಟ್ಟಿ. ಆದರೂ ಹುಡುಕಿದೆ. ಮೊದಲ ಪಟ್ಟಿಯಲ್ಲಿ ಅವಳ ನಂಬರು ಇರಲಿಲ್ಲ. ಎರಡನೆಯದರಲ್ಲಿ ಇತ್ತು. ಅದರ ಹಿಂದೆ ಮುಂದೆ ರಾಗಿ ಎಂದಿದ್ದ ನಂಬರುಗಳೂ ಇದ್ದವು, ಬೀಳು ಎಂದಿದ್ದವೂ ಇದ್ದವು, ನೀಲಗಿರಿ ಎಂದಿದ್ದವೂ ಇದ್ದವು. ಬೆಳೆಯ ಕಾಲಂ ಯಾರೂ ನೋಡಿದಂತೆ ಕಾಣಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಕಡೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟಾಪಿಗೆ ನಡೆಯುವ ದಾರಿಯಲ್ಲಿ ಒಂದು ದೊಡ್ಡ ಲೇಔಟ್. ಡಾಂಬರು ರಸ್ತೆ, ದೀಪದ ಕಂಬ, ಸೈಟುಗಳ ಮೂಲೆಗೆ ನಂಬರು ಬರೆದ ಕಲ್ಲು, ಮನೆ ಮಾತ್ರ ಒಂದೂ ಇಲ್ಲ. ಆ ಕಲ್ಲುಗಳ ನಡುವೆ ಎತ್ತರಕ್ಕೆ ರಾಗಿ ಬೆಳೆದು ನಿಂತಿತ್ತು. ಏಳೆಂಟು ಸೈಟುಗಳಷ್ಟು ಉದ್ದಕ್ಕೆ ಒಂದೇ ಹೊಲ. ಒಬ್ಬ ಹೆಂಗಸು ಬಗ್ಗಿ ಕುಯ್ಯುತ್ತಿದ್ದಳು. ಹತ್ತಿರ ಹೋದ ಮೇಲೆ ಅವಳೇ ಎಂದು ಗೊತ್ತಾಯಿತು. ತಲೆ ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಅವಳಿಗೂ ಒಂದು ಗಳಿಗೆ ಬೇಕಾಯಿತು.

"ಓ, ನೀವಾ" ಎಂದು ಸೊಂಟ ನೆಟ್ಟಗೆ ಮಾಡಿ ನಿಂತಳು. ಜಮೀನು ಹೋದದ್ದು, ಅದರ ದುಡ್ಡಲ್ಲಿ ಮಗಳಿಗೂ ತಮಗೂ ಮನೆಯಾದದ್ದು, ಬಿಸಿಯೂಟದ ಕೆಲಸ ಇನ್ನೂ ಇರುವುದು ಎಲ್ಲ ನಾಲ್ಕು ಮಾತಿನಲ್ಲಿ ಹೇಳಿದಳು. ಇದು ಯಾರ ಜಾಗ ಎಂದು ಕೇಳಿದೆ.

"ಯಾರ್ಯಾರೋ ತಗೊಂಡವ್ರೆ. ಒಬ್ರೂ ಬಂದಿಲ್ಲ. ಸುಮ್ನೆ ಬಿದ್ದಿತ್ತು, ಉಳುಮೆ ಮಾಡ್ಸಿ ರಾಗಿ ಹಾಕ್ದೆ. ಲೇಔಟಿನ ವಾಚ್‌ಮನ್ ಒಂದು ಮೂಟೆ ಕೊಡು ಅಂದವ್ನೆ. ಮನೆ ಕಟ್ಟಕ್ಕೆ ಬಂದ ದಿನ ಬಿಡ್ತೀನಿ."

ನನ್ನ ತಲೆಯೊಳಗೆ ಹಳೆಯ ಅಭ್ಯಾಸ ಕೆಲಸ ಮಾಡುತ್ತಿತ್ತು. ಇದು ಕೃಷಿಯೇತರ ಎಂದು ಆದೇಶವಾದ ಭೂಮಿ. ಇದಕ್ಕೆ ಪಹಣಿ ಇಲ್ಲ, ಬೆಳೆಯ ಕಾಲಂ ಇಲ್ಲ, ಯಾವ ಚೀಟಿಯಲ್ಲೂ ಈ ಹೊಲ ಬರುವುದಿಲ್ಲ. ಇಷ್ಟು ರಾಗಿಗೆ ಯಾವ ಲೆಕ್ಕದಲ್ಲೂ ಜಾಗವಿಲ್ಲ. ಅದನ್ನು ಅವಳಿಗೆ ಹೇಳಿ ಆಗಬೇಕಾದ್ದೇನೂ ಇರಲಿಲ್ಲ, ಹೇಳಲಿಲ್ಲ.

"ನೀವಿನ್ನೂ ಓಡಾಡ್ತಿದೀರಾ ಊರೂರು?" ಎಂದು ಕೇಳಿದಳು.

"ಇಲ್ಲ ಅಕ್ಕಾ, ರಿಟೈರಾಯ್ತು. ಮಂಡಿ ನೋವು ಬೇರೆ."

"ಕೂತ್ಕೊಳಿ ಹಂಗಾದ್ರೆ. ಬಸ್ಸು ನಾಕೂವರೆಗೆ. ಆ ಸ್ಟಾಪಲ್ಲಿ ನೆರಳಿಲ್ಲ."

ಒಂದು ಸೈಟಿನ ಕಲ್ಲಿನ ಮೇಲೆ ಕೂತೆ. ಅವಳು ಮತ್ತೆ ಬಗ್ಗಿ ಕುಯ್ಯತೊಡಗಿದಳು. ಮೇಲೆ ವಿಮಾನವೊಂದು ತಗ್ಗಾಗಿ ಹೋಯಿತು, ಅವಳು ತಲೆ ಎತ್ತಲಿಲ್ಲ. ಸಾಲು ಮುಗಿಸಿ ಈ ಕಡೆ ಬರುವಾಗೊಮ್ಮೆ ಏನಾದರೂ ಒಂದು ಮಾತಾಡುತ್ತಿದ್ದಳು. ಮಗಳ ಮಗು ಶಾಲೆಗೆ ಸೇರಿದ್ದು, ಗಂಡನಿಗೆ ಸಕ್ಕರೆ ಕಾಯಿಲೆ ಬಂದದ್ದು. ಆ ಕಡೆ ಹೋದಾಗ ನಾನು ಸುಮ್ಮನೆ ಕೂತಿರುತ್ತಿದ್ದೆ. ನಾಲ್ಕೂಕಾಲಾದಾಗ ಅವಳೇ, "ಏಳಿ, ಇನ್ನು ಹೊರಟ್ರೆ ಸರಿಯಾಗ್ತದೆ" ಎಂದಳು.